ಹೊಲದ ದುಡಿಮೆಗೆ ಬಾಳಿಕೆಯ ಉಡುಪು: ಆಯ್ಕೆ, ಹೊಲಿಗೆ ಮತ್ತು ಆರೈಕೆ

ಕುಡುಗೋಲು ಕೊಳ್ಳುವಾಗ ನೀವು ಅದರ ಬಾಯಿಯನ್ನು ಉಗುರಿನ ಮೇಲೆ ಆಡಿಸಿ ನೋಡುತ್ತೀರಿ. ಹಗ್ಗವನ್ನು ಎಳೆದು ನೋಡುತ್ತೀರಿ. ಬಿತ್ತನೆ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತೀರಿ. ಆದರೆ ಬೆಳಗಿನಿಂದ ಸಂಜೆಯವರೆಗೆ ಮೈಮೇಲೆ ಇರುವ ಬಟ್ಟೆಯನ್ನು ಹೀಗೆ ಪರೀಕ್ಷಿಸಿ ಆರಿಸಿದ್ದುಂಟೇ? ನಮ್ಮಲ್ಲಿ ಹೊಲದ ಬಟ್ಟೆ ಎಂದು ಬೇರೆ ಕೊಳ್ಳುವ ರೂಢಿಯೇ ಕಡಿಮೆ. ಹಬ್ಬಕ್ಕೆ ಹೊಲಿಸಿದ್ದು ಹಳೆಯದಾದರೆ ಪೇಟೆಗೆ, ಪೇಟೆಗೆ ಹೋಗಿ ಬಂದು ಸವೆದರೆ ಹೊಲಕ್ಕೆ. ಹೀಗಾಗಿ ಅತ್ಯಂತ ಕಠಿಣವಾದ ಕೆಲಸಕ್ಕೆ ಅತ್ಯಂತ ದುರ್ಬಲವಾದ ಬಟ್ಟೆ ಬರುತ್ತದೆ.

ದುಡಿಮೆಯ ಬಟ್ಟೆಯೂ ಒಂದು ಬೇಸಾಯದ ಉಪಕರಣವೇ. ಮುಳ್ಳು, ಗರಿ, ಬಿಸಿಲು ಮತ್ತು ವಿಷವನ್ನು ಅದು ಮೈಗೆ ತಾಗದಂತೆ ತಡೆಯಬೇಕು. ಬೆವರು ಆರಲು ಬಿಡಬೇಕು. ತಿರುಗುವ ಯಂತ್ರಕ್ಕೆ ಸಿಕ್ಕಬಾರದು. ಈ ಮೂರೂ ಗುಣಗಳು ಒಂದೇ ಬಟ್ಟೆಯಲ್ಲಿ ಪೂರ್ತಿಯಾಗಿ ಕೂಡಿ ಬರುವುದಿಲ್ಲ. ಆದ್ದರಿಂದ ಮೊದಲು ಕೆಲಸವನ್ನು ನೋಡಿ, ಆಮೇಲೆ ಬಟ್ಟೆಯನ್ನು ಆರಿಸಬೇಕು. ಕೇವಲ "ಗಟ್ಟಿ ಬಟ್ಟೆ" ಎಂದು ಕೇಳಿ ಕೊಂಡರೆ ಸಾಲದು. ಗಟ್ಟಿತನವೇ ಅಪಾಯವಾಗುವ ಸಂದರ್ಭವೂ ಇದೆ. ಅದನ್ನು ಮುಂದೆ ವಿವರಿಸಿದೆ.

ಬಟ್ಟೆ ಸವೆಯುವುದು ಎಲ್ಲಿ?

ಹೊಸದನ್ನು ಕೊಳ್ಳುವ ಮೊದಲು ಮನೆಯಲ್ಲಿ ಹರಿದು ಬಿದ್ದಿರುವ ಒಂದು ಷರಾಯಿ ಮತ್ತು ಒಂದು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ. ಬಟ್ಟೆ ಎಲ್ಲಾ ಕಡೆ ಸಮನಾಗಿ ಸವೆದಿರುವುದಿಲ್ಲ. ಕಳೆ ಕೀಳುವವರ ಷರಾಯಿ ಮೊಣಕಾಲಿನಲ್ಲಿ ಹೋಗಿರುತ್ತದೆ. ಟ್ರ್ಯಾಕ್ಟರ್ ಓಡಿಸುವವರದು ಕೂರುವ ಜಾಗದಲ್ಲಿ, ಬಗ್ಗಿ ಎದ್ದು ಮಾಡುವವರದು ತೊಡೆಗಳ ಸಂದಿನಲ್ಲಿ ಬಿಟ್ಟಿರುತ್ತದೆ. ಮೂಟೆ ಹೊರುವವರ ಅಂಗಿ ಹೆಗಲಿನಲ್ಲಿ ಜಾಳಾಗಿರುತ್ತದೆ. ಕಂಕುಳಲ್ಲಿ ಬೆವರಿನಿಂದ ನೂಲು ಕೊಳೆತಿರುತ್ತದೆ. ಜೇಬಿನ ಮೂಲೆಗಳು ಎಲ್ಲರದೂ ಕಿತ್ತಿರುತ್ತವೆ.

ಇದರಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಬಟ್ಟೆ ಸವೆದು ತೂತಾಗಿದೆಯೋ ಅಥವಾ ಹೊಲಿಗೆ ಬಿಟ್ಟಿದೆಯೋ? ಸವೆದಿದ್ದರೆ ದೋಷ ಬಟ್ಟೆಯದು ಅಥವಾ ಆ ಜಾಗಕ್ಕೆ ಎರಡನೆಯ ಪದರ ಕೊಡದೇ ಹೋದದ್ದು. ಹೊಲಿಗೆ ಬಿಟ್ಟಿದ್ದರೆ ದೋಷ ದರ್ಜಿಯದು ಅಥವಾ ಬಿಗಿಯಾದ ಅಳತೆಯದು. ಈ ಎರಡಕ್ಕೂ ಪರಿಹಾರ ಬೇರೆ ಬೇರೆ. ಹಳೆಯ ಬಟ್ಟೆಯೇ ಹೊಸ ಬಟ್ಟೆಗೆ ಗುರು.

ನೂಲು ಮತ್ತು ನೇಯ್ಗೆ

ಬಟ್ಟೆಯ ಬಾಳಿಕೆ ಮುಖ್ಯವಾಗಿ ಮೂರು ಅಂಶಗಳನ್ನು ಅವಲಂಬಿಸಿದೆ: ನೂಲಿನ ದಪ್ಪ, ನೇಯ್ಗೆಯ ಒತ್ತು ಮತ್ತು ನೇಯ್ಗೆಯ ವಿಧ.

ಸಾದಾ ನೇಯ್ಗೆಯಲ್ಲಿ ಹೊಕ್ಕಿನ ನೂಲು ಹಾಸಿನ ಒಂದು ನೂಲಿನ ಮೇಲೆ, ಮುಂದಿನದರ ಕೆಳಗೆ, ಹೀಗೆ ಸಾಗುತ್ತದೆ. ಪಂಚೆ, ಪಾಪ್ಲಿನ್ ಮತ್ತು ಮಲ್ಲು ಬಟ್ಟೆಗಳು ಈ ಬಗೆಯವು. ಓರೆ ನೇಯ್ಗೆಯಲ್ಲಿ ಒಂದು ನೂಲು ಎರಡು ಅಥವಾ ಮೂರು ನೂಲುಗಳನ್ನು ಒಟ್ಟಿಗೆ ದಾಟುತ್ತದೆ. ಪ್ರತಿ ಸಾಲಿನಲ್ಲಿ ಈ ದಾಟು ಒಂದೊಂದು ನೂಲಿನಷ್ಟು ಪಕ್ಕಕ್ಕೆ ಸರಿಯುವುದರಿಂದ ಬಟ್ಟೆಯ ಮೇಲೆ ಓರೆ ಗೆರೆಗಳು ಕಾಣುತ್ತವೆ. ಖಾಕಿ ಡ್ರಿಲ್ ಮತ್ತು ಜೀನ್ಸ್ ಬಟ್ಟೆಗಳು ಈ ಬಗೆಯವು. ಓರೆ ನೇಯ್ಗೆಯಲ್ಲಿ ನೂಲುಗಳನ್ನು ಹೆಚ್ಚು ಒತ್ತಾಗಿ ಕೂರಿಸಬಹುದು. ಮುಳ್ಳಿಗೆ ಸಿಕ್ಕಿ ಎಳೆದಾಗ ಅಕ್ಕಪಕ್ಕದ ನೂಲುಗಳು ಸ್ವಲ್ಪ ಸರಿದು ಒಟ್ಟುಗೂಡಿ ಎಳೆತವನ್ನು ಹಂಚಿಕೊಳ್ಳುತ್ತವೆ. ಸಾದಾ ನೇಯ್ಗೆಯಲ್ಲಿ ಸರಿಯಲು ಜಾಗವಿಲ್ಲದೆ ನೂಲುಗಳು ಒಂದೊಂದಾಗಿ ಕತ್ತರಿಸಿ ಹೋಗುತ್ತವೆ. ಆದ್ದರಿಂದಲೇ ಪಂಚೆ ಬೇಲಿಗೆ ಸಿಕ್ಕರೆ ಉದ್ದಕ್ಕೆ ಸೀಳುತ್ತದೆ, ಡ್ರಿಲ್ ಷರಾಯಿ ಸಣ್ಣ ತೂತಿನಲ್ಲಿ ನಿಲ್ಲುತ್ತದೆ.

ಈ ಗಟ್ಟಿ ಬಟ್ಟೆಗಳು ನಮಗೆ ಹೊಸವಲ್ಲ. ಪಾಶ್ಚಾತ್ಯ ದೇಶಗಳ ಕೂಲಿಗಾರರು ತೊಡುವ ಓವರಾಲ್ ಉಡುಪಿಗೆ ಡಂಗರಿ ಎಂಬ ಹೆಸರು ಬಂದದ್ದು ಮುಂಬಯಿಯ ಡೋಂಗ್ರಿ ಎಂಬ ಸ್ಥಳದ ಒರಟು ಹತ್ತಿ ಬಟ್ಟೆಯಿಂದ. ಖಾಕಿ ಎಂದರೆ ಧೂಳಿನ ಬಣ್ಣ. ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆ 19ನೆಯ ಶತಮಾನದಲ್ಲಿಯೇ ಖಾಕಿ ಬಟ್ಟೆಗೆ ಹೆಸರಾಗಿತ್ತು.

ಬಟ್ಟೆಯ ತೂಕವನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತಾರೆ. ಅಂಗಿಯ ತೆಳು ಪಾಪ್ಲಿನ್ ಸುಮಾರು 100 ರಿಂದ 120 ಗ್ರಾಂ ಇರುತ್ತದೆ. ಹೊಲದ ಷರಾಯಿಗೆ 200 ರಿಂದ 280 ಗ್ರಾಂ ತೂಗುವ ಡ್ರಿಲ್ ಸೂಕ್ತ. 300 ಗ್ರಾಂ ದಾಟಿದ ಜೀನ್ಸ್ ಬಟ್ಟೆ ಹೆಚ್ಚು ಬಾಳಿದರೂ ನಮ್ಮ ಸೆಖೆಗೆ ಭಾರ, ನೆನೆದರೆ ಬೇಗ ಒಣಗದು. ಅಂಗಡಿಯಲ್ಲಿ ತೂಕ ತಿಳಿಯದಿದ್ದರೆ ತಕ್ಕಡಿಗೆ ಹಾಕಿಸಿ. 58 ಅಂಗುಲ ಅಗಲದ ಬಟ್ಟೆ ಒಂದು ಮೀಟರ್ ಉದ್ದಕ್ಕೆ ಸುಮಾರು 370 ಗ್ರಾಂ ತೂಗಿದರೆ ಅದು ಚದರ ಮೀಟರಿಗೆ 250 ಗ್ರಾಮಿನ ಬಟ್ಟೆ.

ಅಂಗಡಿಯಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಗಳು ಹೀಗಿವೆ:

1. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ನೂಲುಗಳ ನಡುವೆ ಬೆಳಕಿನ ಚುಕ್ಕೆಗಳು ಕಂಡರೆ ನೇಯ್ಗೆ ಜಾಳು.

2. ಎರಡು ಅಂಗೈಗಳ ನಡುವೆ ಬಿರುಸಾಗಿ ಉಜ್ಜಿ. ಬಿಳಿಯ ಪುಡಿ ಉದುರಿದರೆ ಗಂಜಿ ತುಂಬಿ ದಪ್ಪ ಮಾಡಲಾಗಿದೆ ಎಂದು ತಿಳಿಯಬೇಕು. ಒಂದು ಒಗೆತಕ್ಕೆ ಆ ದಪ್ಪ ಇಳಿಯುತ್ತದೆ.

3. ಎರಡೂ ಹೆಬ್ಬೆರಳುಗಳಿಂದ ಬಟ್ಟೆಯನ್ನು ಅತ್ತಿತ್ತ ತಳ್ಳಿ. ನೂಲುಗಳು ಜಾರಿ ಸಂದು ಬಿಟ್ಟರೆ ಹೊಲಿಗೆಯ ಬಳಿಯೂ ಹಾಗೆಯೇ ಬಿಡುತ್ತದೆ.

4. ಅಂಚಿನಿಂದ ಒಂದು ನೂಲು ಎಳೆದು ಅಂಗಡಿಯ ಹೊರಗೆ ಬೆಂಕಿಕಡ್ಡಿಗೆ ಹಿಡಿಯಿರಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿಯಾದ ಮಣಿಯಂತಾದರೆ ಅದರಲ್ಲಿ ಪಾಲಿಯೆಸ್ಟರ್ ಇದೆ.

ಹತ್ತಿಯೋ, ಮಿಶ್ರ ಬಟ್ಟೆಯೋ?

ಹತ್ತಿ ಬೆವರನ್ನು ಹೀರಿ ಗಾಳಿಗೆ ಬಿಡುತ್ತದೆ. ಮೈ ತಂಪಾಗುವುದು ಬೆವರು ಆರುವುದರಿಂದಲೇ. ಹತ್ತಿಗೆ ಇನ್ನೊಂದು ವಿಶೇಷ ಗುಣವಿದೆ: ನೆನೆದಾಗ ಅದರ ಬಲ ಕಡಿಮೆಯಾಗುವುದಿಲ್ಲ, ಸ್ವಲ್ಪ ಹೆಚ್ಚುತ್ತದೆ. ಕಲ್ಲಿಗೆ ಬಡಿದು ಒಗೆದರೂ ಅದು ತಾಳಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಪಾಲಿಯೆಸ್ಟರ್ ಉಜ್ಜಾಟಕ್ಕೆ ಹೆಚ್ಚು ತಡೆಯುತ್ತದೆ, ಬೇಗ ಒಣಗುತ್ತದೆ, ಕುಗ್ಗುವುದಿಲ್ಲ. ಆದರೆ ನೀರನ್ನು ಬಹುಮಟ್ಟಿಗೆ ಹೀರುವುದೇ ಇಲ್ಲ. ಶುದ್ಧ ಪಾಲಿಯೆಸ್ಟರ್ ಅಂಗಿ ತೊಟ್ಟು ಏಪ್ರಿಲ್ ಬಿಸಿಲಿನಲ್ಲಿ ಅಗೆಯುವವನ ಮೈಗೆ ಬಟ್ಟೆ ಅಂಟಿಕೊಂಡು ಸೆಖೆ ಏರುತ್ತದೆ.

ಆದ್ದರಿಂದ ಅಂಗಿ ಹತ್ತಿಯದೇ ಇರಲಿ. ಷರಾಯಿಗೆ ಹತ್ತಿ ಡ್ರಿಲ್ ಅಥವಾ ಹತ್ತಿಯ ಪಾಲು ಹೆಚ್ಚಿರುವ ಮಿಶ್ರ ಡ್ರಿಲ್ ಆಗಬಹುದು.

ಬೆಂಕಿಯ ಬಳಿ ಮಾತ್ರ ಈ ಸಡಿಲಿಕೆ ಕೂಡದು. ಆಲೆಮನೆಯ ಒಲೆಗೆ ರಚ್ಚು ಹಾಕುವವರು, ಕೊಪ್ಪರಿಗೆಯಲ್ಲಿ ಪಾಕ ತಿರುವುವವರು ಮತ್ತು ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಒಡ್ಡುವವರು ಪಾಲಿಯೆಸ್ಟರ್ ಅಥವಾ ನೈಲಾನ್ ಬೆರೆತ ಬಟ್ಟೆಯನ್ನು ತೊಡಲೇಬಾರದು. ಹತ್ತಿ ಹೊತ್ತಿದರೆ ಉರಿಯುತ್ತದೆ, ನಿಜ. ಆದರೆ ಕೊಡವಿ, ನೀರು ಹಾಕಿ ಆರಿಸಬಹುದು. ಪಾಲಿಯೆಸ್ಟರ್ ಕರಗಿ ಅರಗಿನಂತೆ ಚರ್ಮಕ್ಕೆ ಅಂಟಿ ಒಳಗೆ ಸುಡುತ್ತದೆ.

ಹೊಲಿಗೆ ಮತ್ತು ಅಳತೆ

ಒಳ್ಳೆಯ ಬಟ್ಟೆಯನ್ನು ಕೆಟ್ಟ ಹೊಲಿಗೆ ಹಾಳು ಮಾಡುತ್ತದೆ. ದರ್ಜಿಗೆ ಕೊಡುವ ಮೊದಲು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಬೇಕು. ಕುಗ್ಗಿಸದ ಹತ್ತಿ ಡ್ರಿಲ್ ಮೀಟರಿಗೆ 5 ಸೆಂ.ಮೀ. ಅಥವಾ ಹೆಚ್ಚು ಕುಗ್ಗಬಹುದು. ಹೊಲಿದ ಮೇಲೆ ಕುಗ್ಗಿದರೆ ತೊಡೆಸಂದು ಬಿಗಿದು, ಮೊದಲ ಸಲ ಕುಕ್ಕರಗಾಲಿನಲ್ಲಿ ಕೂತಾಗಲೇ ಬಿಡುತ್ತದೆ. ಸ್ಯಾನ್ಫರೈಸ್ಡ್ ಎಂದು ಮುದ್ರೆ ಇರುವ ಬಟ್ಟೆಯನ್ನು ಕಾರ್ಖಾನೆಯಲ್ಲಿಯೇ ಕುಗ್ಗಿಸಿರುತ್ತಾರೆ.

ದರ್ಜಿಗೆ ಹೇಳಬೇಕಾದ ಅಂಶಗಳು:

1. ಪಕ್ಕ ಮತ್ತು ತೊಡೆಸಂದಿನಲ್ಲಿ ಎರಡು ಅಂಚುಗಳನ್ನೂ ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಹಾಕಬೇಕು. ಜೀನ್ಸ್ ಷರಾಯಿಗಳಲ್ಲಿ ಕಾಣುವುದು ಇದೇ ಹೊಲಿಗೆ. ಒಂದು ಸಾಲು ಕಿತ್ತರೂ ಇನ್ನೊಂದು ಹಿಡಿದಿರುತ್ತದೆ.

2. ದಪ್ಪ ಬಟ್ಟೆಗೆ ಅಂಗುಲಕ್ಕೆ 8 ರಿಂದ 10 ಹೊಲಿಗೆ ಸಾಕು. ಇದಕ್ಕಿಂತ ಒತ್ತಾದರೆ ಸೂಜಿಯ ತೂತುಗಳೇ ಬಟ್ಟೆಯನ್ನು ಸೀಳುವ ಗೆರೆಯಾಗುತ್ತವೆ. ದಾರ ಗಟ್ಟಿಯಾದ ಪಾಲಿಯೆಸ್ಟರ್ ದಾರವಾಗಿರಲಿ. ಅದು ಬೆವರಿಗೆ ಕೊಳೆಯುವುದಿಲ್ಲ.

3. ತೊಡೆಗಳ ಸಂದಿನಲ್ಲಿ ಅಂಗೈ ಅಗಲದ ಚೌಕ ತುಂಡನ್ನು ಓರೆಯಾಗಿ ಕೂರಿಸಬೇಕು. ಹಳೆಯ ಕಾಲದ ಪೈಜಾಮಗಳಲ್ಲಿ ಇದು ಇತ್ತು. ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಸೇರುವುದು ಇದರಿಂದ ತಪ್ಪುತ್ತದೆ. ಕಾಲು ಅಗಲಿಸಿ ಕೂರಲು ಸಲೀಸು.

4. ಮೊಣಕಾಲಿಗೆ ಮತ್ತು ಕೂರುವ ಜಾಗಕ್ಕೆ ಹೊರಗಿನಿಂದ ಎರಡನೆಯ ಪದರ ಹಾಕಿಸಬೇಕು. ಮೊಣಕಾಲಿನ ತೇಪೆಯ ಕೆಳ ಅಂಚಿನಲ್ಲಿ ಒಂದು ಅಂಗುಲ ಹೊಲಿಯದೆ ಬಿಟ್ಟರೆ ಒಳಗೆ ಸೇರಿದ ಮಣ್ಣು ಉದುರಿ ಹೋಗುತ್ತದೆ. ತೇಪೆಯನ್ನು ಹರಿದ ಮೇಲೆ ಹಾಕುವುದಕ್ಕಿಂತ ಮೊದಲೇ ಹಾಕುವುದು ಲಾಭ.

5. ಜೇಬಿನ ಮೂಲೆಗಳಿಗೆ ಹಿಂದಕ್ಕೂ ಮುಂದಕ್ಕೂ ಒತ್ತು ಹೊಲಿಗೆ ಹಾಕಬೇಕು. ಅಮೆರಿಕದ ನೆವಾಡಾ ಪ್ರಾಂತ್ಯದ ಜೇಕಬ್ ಡೇವಿಸ್ ಎಂಬ ದರ್ಜಿ ಕೂಲಿಗಾರರ ಷರಾಯಿಯ ಜೇಬು ಪದೇ ಪದೇ ಕೀಳುವುದನ್ನು ಕಂಡು ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆದ. 1873ರಲ್ಲಿ ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆಗೂಡಿ ಅದಕ್ಕೆ ಹಕ್ಕುಪತ್ರ ಪಡೆದ. ಇಂದಿನ ಜೀನ್ಸ್ ಷರಾಯಿಗೆ ಮೂಲ ಅದೇ.

ಒಂದೇ ತುಂಡಿನ ಓವರಾಲ್ ಬೇಕೇ ಎಂದು ಕೆಲವರು ಕೇಳುತ್ತಾರೆ. ಟ್ರ್ಯಾಕ್ಟರ್ ರಿಪೇರಿ, ಕೋಳಿಮನೆ ಶುಚಿಗೊಳಿಸುವುದು, ಧೂಳಿನಲ್ಲಿ ಒಕ್ಕಣೆ, ಇಂತಹ ಕೆಲಸಗಳಿಗೆ ಅದು ಒಳ್ಳೆಯದು. ಸೊಂಟದಲ್ಲಿ ಸಂದಿಲ್ಲ, ಅಂಗಿ ಹೊರಗೆ ಬಂದು ಜೋಲುವುದಿಲ್ಲ. ಆದರೆ ದಿನವಿಡೀ ಬಿಸಿಲಿನಲ್ಲಿ ಬಗ್ಗಿ ಏಳುವ ಕೆಲಸಕ್ಕೆ ಅದು ಸೆಖೆ. ಸೊಂಟದ ಬಳಿ ಗಾಳಿ ಆಡದು. ಸಾಮಾನ್ಯ ಕೆಲಸಕ್ಕೆ ತುಂಬುತೋಳಿನ ಹತ್ತಿ ಅಂಗಿ ಮತ್ತು ಡ್ರಿಲ್ ಷರಾಯಿಯೇ ಹಿತ. ಓವರಾಲ್ ಹೊಲಿಸುವುದಾದರೆ ಹೆಗಲಿನಿಂದ ತೊಡೆಸಂದಿನವರೆಗಿನ ಅಳತೆಯನ್ನು ಬಗ್ಗಿ ನಿಂತು ತೆಗೆಸಿಕೊಳ್ಳಬೇಕು. ನೇರ ನಿಂತು ಕೊಟ್ಟ ಅಳತೆಯ ಓವರಾಲ್ ಬಗ್ಗಿದಾಗ ಬೆನ್ನಿನಲ್ಲಿ ಹರಿಯುತ್ತದೆ.

ಯಂತ್ರದ ಬಳಿ: ಹರಿಯದ ಬಟ್ಟೆಯ ಅಪಾಯ

ನಾನು ಶಾಲೆಯಲ್ಲಿದ್ದಾಗ ನಮ್ಮ ಊರಿನ ಕಣದಲ್ಲಿ ಡೀಸೆಲ್ ಎಂಜಿನ್ನಿಗೆ ಪಟ್ಟಿ ಕಟ್ಟಿ ಒಕ್ಕಣೆ ನಡೆಯುತ್ತಿತ್ತು. ನನ್ನ ಚಿಕ್ಕಪ್ಪನ ಪಂಚೆಯ ತುದಿ ಆ ಪಟ್ಟಿಗೆ ಸಿಕ್ಕಿತು. ಅವರು ಪಕ್ಕದ ಗೂಟವನ್ನು ತಬ್ಬಿ ಹಿಡಿದರು. ಪಂಚೆ ಹಳೆಯದು; ಸೊಂಟದ ಬಳಿ ಪರ್ರನೆ ಸೀಳಿ ಹೋಯಿತು. ಕಣದಲ್ಲಿದ್ದವರೆಲ್ಲ ಮೊದಲು ಹೆದರಿ, ಆಮೇಲೆ ನಕ್ಕರು. ಚಿಕ್ಕಪ್ಪ ಮಾತ್ರ ನಗಲಿಲ್ಲ. ಮೂರು ದಿನದ ಹಿಂದೆ ಕೊಂಡ ಹೊಸ ದಪ್ಪ ಪಂಚೆ ಮನೆಯ ಗೂಟದಲ್ಲಿತ್ತು. ಅಂದು ಅದನ್ನು ಉಟ್ಟಿದ್ದರೆ ಬಟ್ಟೆ ಹರಿಯುತ್ತಿರಲಿಲ್ಲ, ಅವರನ್ನೇ ಎಳೆದುಕೊಳ್ಳುತ್ತಿತ್ತು.

ಬಾಳಿಕೆಯ ಬಟ್ಟೆಯ ಬಗ್ಗೆ ಮಾತನಾಡುವಾಗಲೆಲ್ಲ ನನಗೆ ಆ ಕಣ ನೆನಪಾಗುತ್ತದೆ. ಹರಿಯದ ಬಟ್ಟೆ ಯಂತ್ರಕ್ಕೆ ಸಿಕ್ಕರೆ ಮನುಷ್ಯನನ್ನು ಬಿಡುವುದಿಲ್ಲ. ಆದ್ದರಿಂದ ಬಟ್ಟೆ ಎಷ್ಟು ಗಟ್ಟಿಯೋ ಅಷ್ಟೂ ಮೈಗೆ ಹೊಂದಿಕೊಂಡಿರಬೇಕು.

ಲೆಕ್ಕ ಹಾಕಿ ನೋಡಿ. ಟ್ರ್ಯಾಕ್ಟರಿನ ಹಿಂದಿನ ಪಿ.ಟಿ.ಒ. ದಂಡ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ದಂಡದ ಸುತ್ತಳತೆ 24 ಸೆಂ.ಮೀ. ಇದ್ದರೆ ಒಂದು ಸೆಕೆಂಡಿನಲ್ಲಿ 2 ಮೀಟರಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. ನಾಲ್ಕು ಮೊಳದ ಪಂಚೆ ಒಂದು ಸೆಕೆಂಡಿನೊಳಗೆ, ಇಡೀ ಸೀರೆ ಎರಡೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. "ಎಂಜಿನ್ ನಿಲ್ಲಿಸು" ಎಂದು ಕೂಗುವುದಕ್ಕೂ ಅಷ್ಟು ಸಮಯ ಬೇಕು.

ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣ ಮತ್ತು ಪಂಪ್‌ಸೆಟ್ ಪಟ್ಟಿಯ ಬಳಿ ಕೆಳಗಿನ ನಿಯಮಗಳನ್ನು ತಪ್ಪದೆ ಪಾಲಿಸಬೇಕು:

1. ಪಂಚೆ, ಲುಂಗಿ ಉಟ್ಟು ಹತ್ತಿರ ಹೋಗಬಾರದು. ಷರಾಯಿ ಅಥವಾ ಚಡ್ಡಿ ತೊಡಬೇಕು.

2. ಹೆಗಲಿನ ಟವೆಲ್ಲು, ಕುತ್ತಿಗೆಯ ಮಫ್ಲರು, ತಲೆಯ ರುಮಾಲಿನ ಜೋಲುವ ತುದಿ ಇರಕೂಡದು. ಧೂಳಿಗೆ ಮುಖ ಕಟ್ಟುವುದಾದರೆ ಗಂಟನ್ನು ಹಿಂದಕ್ಕೆ ಹಾಕಿ ತುದಿಗಳನ್ನು ಒಳಗೆ ಸೇರಿಸಬೇಕು.

3. ಅಂಗಿಯ ತೋಳು ಮಣಿಕಟ್ಟಿನಲ್ಲಿ ಗುಂಡಿ ಹಾಕಿರಬೇಕು, ಇಲ್ಲವೇ ಅರ್ಧ ತೋಳು ಇರಬೇಕು. ಅಂಗಿಯ ಅಂಚು ಷರಾಯಿಯ ಒಳಗಿರಬೇಕು. ಓವರಾಲಿನಲ್ಲಿ ದಾರ, ಲಾಡಿ ಜೋಲಬಾರದು.

4. ಕಾಳು ತಳ್ಳುವಾಗ ಮತ್ತು ಮೇವು ಕೊಡುವಾಗ ಸಡಿಲವಾದ ಕೈಚೀಲ ಬೇಡ. ಹಲ್ಲಿಗೆ ಸಿಕ್ಕರೆ ಕೈಯನ್ನೂ ಎಳೆಯುತ್ತದೆ.

ಬಟ್ಟೆ ಎಷ್ಟೇ ಸರಿಯಿದ್ದರೂ ಯಂತ್ರದ ಕವಚಕ್ಕೆ ಅದು ಬದಲಿಯಲ್ಲ. ಒಕ್ಕಣೆ ಯಂತ್ರಗಳ ಅಪಘಾತಗಳನ್ನು ಕಂಡೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಸಂಸತ್ತು ಮಾಡಿತು. ಪಿ.ಟಿ.ಒ. ದಂಡದ ಮೇಲಿನ ಕವಚ ಕಳಚಿದ್ದರೆ ಅದನ್ನು ಹಾಕಿಸುವವರೆಗೆ ಯಂತ್ರ ಓಡಿಸಬೇಡಿ.

ಹೆಣ್ಣುಮಕ್ಕಳ ದುಡಿಮೆಯ ಉಡುಪು

ನಾಟಿ, ಕಳೆ, ಕೊಯ್ಲು, ಹತ್ತಿ ಬಿಡಿಸುವುದು, ಇವುಗಳಲ್ಲಿ ಹೆಚ್ಚಿನ ಪಾಲು ಹೆಂಗಸರದು. ಅವರ ಉಡುಪಿನ ಬಗ್ಗೆ ಯೋಚಿಸುವವರು ಕಡಿಮೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುವ ಪದ್ಧತಿಯನ್ನು ಅವರೇ ಕಂಡುಕೊಂಡಿದ್ದಾರೆ. ಇದು ಬಹಳ ಒಳ್ಳೆಯ ಪದ್ಧತಿ. ತೋಳಿಗೆ ಗರಿ ತಾಗದು, ಸೆರಗು ಅಂಗಿಯೊಳಗೆ ಭದ್ರವಾಗಿರುತ್ತದೆ. ಆದರೆ ಅದಕ್ಕೂ ಹರಕು ಅಂಗಿಯನ್ನೇ ಕೊಡುವುದು ಸರಿಯಲ್ಲ. ಹೆಗಲು ಅಳತೆಗೆ ಸರಿಯಾಗಿರುವ, ಎರಡು ಜೇಬುಗಳಿರುವ ಹತ್ತಿ ಅಂಗಿಯನ್ನು ಅವರಿಗಾಗಿಯೇ ಹೊಲಿಸಬಹುದು.

ಸೀರೆ ಉಟ್ಟವರು ಯಂತ್ರದ ಬಳಿ ಹೋಗುವುದಾದರೆ ಕಚ್ಚೆ ಹಾಕಿ, ಸೆರಗನ್ನು ಅಂಗಿಯೊಳಗೆ ಸೇರಿಸಿ, ಜಡೆಯನ್ನು ತುರುಬು ಕಟ್ಟಿ ಬಟ್ಟೆಯಿಂದ ಮುಚ್ಚಬೇಕು. ಕೂದಲು ಬಟ್ಟೆಗಿಂತ ಬೇಗ ಸಿಕ್ಕಿಕೊಳ್ಳುತ್ತದೆ. ಪೈಜಾಮ ಮತ್ತು ಮೊಣಕಾಲುದ್ದದ ಅಂಗಿ ಇನ್ನೂ ಕ್ಷೇಮ. ವೇಲ್ ಮಾತ್ರ ಮನೆಯಲ್ಲಿರಲಿ.

ಔಷಧಿ ಸಿಂಪಡಿಸುವಾಗ

ಕೀಟನಾಶಕ ಮೂಗು, ಬಾಯಿಯಿಂದ ಮಾತ್ರ ಒಳಗೆ ಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಸಿಂಪಡಿಸುವವನ ದೇಹಕ್ಕೆ ಅದು ಹೆಚ್ಚಾಗಿ ಸೇರುವುದು ಚರ್ಮದ ಮೂಲಕ. ದೇಹದ ಎಲ್ಲಾ ಭಾಗಗಳೂ ಒಂದೇ ಸಮನೆ ಹೀರುವುದಿಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕದ ಮೇಲೆ ಹಿಂದೆ ನಡೆದ ಪ್ರಸಿದ್ಧ ಪ್ರಯೋಗದಲ್ಲಿ ಮುಂಗೈ ಹೀರುವುದನ್ನು 1 ಎಂದು ಇಟ್ಟುಕೊಂಡಾಗ ಅಂಗೈ 1.3, ಹೊಟ್ಟೆ 2.1, ನೆತ್ತಿ 3.7, ಹಣೆ 4.2 ಮತ್ತು ಜನನಾಂಗದ ಭಾಗ 11.8ರಷ್ಟು ಹೀರಿದವು. ಈಗ ಯೋಚಿಸಿ: ಎದೆಮಟ್ಟದ ಹತ್ತಿ ಬೆಳೆಯಲ್ಲಿ ನಡೆಯುತ್ತಾ ಸಿಂಪಡಿಸುವವನ ಬಟ್ಟೆ ಮೊದಲು ನೆನೆಯುವುದು ತೊಡೆ ಮತ್ತು ತೊಡೆಸಂದಿನಲ್ಲಿ. ಲುಂಗಿ ಎತ್ತಿ ಕಟ್ಟಿ ಬರಿಗಾಲಿನಲ್ಲಿ ಹೊರಟವನ ಗತಿ ಏನು?

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷ ತಗುಲಿ ಅನೇಕ ರೈತರು ಮತ್ತು ಕೂಲಿಕಾರರು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆ ಘಟನೆ ನಮಗೆ ಪಾಠವಾಗಬೇಕು.

ಇಲ್ಲಿ ಹತ್ತಿಯ ಗುಣವೇ ದೋಷವಾಗುತ್ತದೆ. ಬೆವರು ಹೀರುವ ಬಟ್ಟೆ ಔಷಧಿಯನ್ನೂ ಹೀರುತ್ತದೆ. ದಪ್ಪ ಬಟ್ಟೆ ಒಣಗಿರುವವರೆಗೆ ತಡೆಯುತ್ತದೆ, ತೊಯ್ದ ಮೇಲೆ ವಿಷದ ಪಟ್ಟಿಯಂತೆ ಮೈಗೆ ಅಂಟಿರುತ್ತದೆ. ಆದ್ದರಿಂದ:

1. ಸಿಂಪಡಣೆಗೆ ತುಂಬುತೋಳಿನ ದಪ್ಪ ಅಂಗಿ ಮತ್ತು ಡ್ರಿಲ್ ಷರಾಯಿಯ ಒಂದು ಜೊತೆಯನ್ನು ಬೇರೆಯಾಗಿ ಇಟ್ಟಿರಬೇಕು. ಬೇರೆ ಕೆಲಸಕ್ಕೆ ಅದನ್ನು ತೊಡಬಾರದು.

2. ಅದರ ಮೇಲೆ ಎದೆಯಿಂದ ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟಿಕ್ ಹಾಳೆಯ ಮುಂಗವಚ ಕಟ್ಟಬೇಕು. ಬೆನ್ನಿನ ಪಂಪು ಸೋರುವುದಾದರೆ ಮೊದಲು ಪಂಪನ್ನು ರಿಪೇರಿ ಮಾಡಿಸಬೇಕು.

3. ಷರಾಯಿಯ ಕಾಲು ಗಂಬೂಟಿನ ಹೊರಗೆ ಇಳಿಬಿದ್ದಿರಬೇಕು. ಒಳಗೆ ಸೇರಿಸಿದರೆ ಇಳಿದ ಔಷಧಿಯೆಲ್ಲ ಬೂಟಿನಲ್ಲಿ ನಿಂತು ಪಾದ ನೆನೆಯುತ್ತದೆ.

4. ಕೆಳಮಟ್ಟದ ಬೆಳೆಗೆ ಹೊಡೆಯುವಾಗ ರಬ್ಬರ್ ಕೈಚೀಲವನ್ನು ತೋಳಿನ ಒಳಗೆ, ಅಡಿಕೆ ಅಥವಾ ಮಾವಿನಂತೆ ತಲೆಯ ಮೇಲಕ್ಕೆ ಹೊಡೆಯುವಾಗ ತೋಳಿನ ಹೊರಗೆ ಹಾಕಬೇಕು.

5. ಬಟ್ಟೆ ತೊಯ್ದರೆ ಕೆಲಸ ನಿಲ್ಲಿಸಿ, ಮೈ ತೊಳೆದು ಬದಲಿಸಬೇಕು. ಬೆಳೆಯ ಸಾಲು ಮುಗಿಯಲಿ ಎಂದು ಕಾಯಬಾರದು.

6. ಬೆಳಿಗ್ಗೆ ಅಥವಾ ಸಂಜೆಯ ತಂಪಿನಲ್ಲಿ, ಗಾಳಿ ಬೆನ್ನಿಗಿರುವಂತೆ ನಡೆಯುತ್ತಾ ಹೊಡೆಯಬೇಕು. ನಡುಹಗಲಿನ ಸೆಖೆಯಲ್ಲಿ ಈ ಉಡುಪು ತಾಳಲಾಗದೆ ಜನ ಅದನ್ನು ಕಳಚುತ್ತಾರೆ.

ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆ ಸೇಪಿಯೋ ಹೆಲ್ತ್ ಎಂಬ ಕಂಪನಿಯೊಂದಿಗೆ ಸೇರಿ "ಕಿಸಾನ್ ಕವಚ್" ಎಂಬ ಉಡುಪನ್ನು 2024ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿತು. ಇದರ ಬಟ್ಟೆಯ ನೂಲಿಗೆ ಕೂಡಿಸಿದ ರಾಸಾಯನಿಕ, ಮೇಲೆ ಬಿದ್ದ ಕೀಟನಾಶಕವನ್ನು ಒಡೆದು ನಿರ್ವಿಷಗೊಳಿಸುತ್ತದೆ. ಒಗೆದು ಮತ್ತೆ ಮತ್ತೆ ಬಳಸಬಹುದು. ಬಿಡುಗಡೆಯ ಸಮಯದಲ್ಲಿ ಬೆಲೆ ಸುಮಾರು 4,000 ರೂಪಾಯಿ ಎಂದು ತಿಳಿಸಲಾಗಿತ್ತು. ಒಬ್ಬರಿಗೆ ದುಬಾರಿಯೆನಿಸಿದರೆ ನಾಲ್ಕಾರು ಮನೆಯವರು ಅಥವಾ ಸ್ವಸಹಾಯ ಸಂಘದವರು ಕೂಡಿ ಕೊಂಡು, ಪ್ರತಿಸಲ ಒಗೆದು ಬಳಸಬಹುದು.

ಇನ್ನೊಂದು ಮಾತನ್ನು ಜಮೀನಿನ ಒಡೆಯರಾದ ರೈತ ಬಾಂಧವರಿಗೆ ಹೇಳಬೇಕು. ಈಗ ಸಿಂಪಡಣೆಯನ್ನು ಟ್ಯಾಂಕಿಗೆ ಇಷ್ಟು ಎಂದು ಗುತ್ತಿಗೆ ಕೊಡುವುದು ರೂಢಿ. ಔಷಧಿ ನಿಮ್ಮದು, ಪಂಪು ನಿಮ್ಮದು, ಬೆಳೆ ನಿಮ್ಮದು. ಬಟ್ಟೆ ಮಾತ್ರ ಕೂಲಿಯವನದು. ಅವನು ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಾನೆ. ಔಷಧಿಯ ಬಾಟಲಿಯೊಂದಿಗೆ ಒಂದು ಜೊತೆ ಉಡುಪನ್ನೂ, ಸೋಪನ್ನೂ, ಎರಡು ಬಕೆಟ್ ನೀರನ್ನೂ ಕೊಡುವುದು ಒಡೆಯನ ಕರ್ತವ್ಯ.

ಕೆಲಸಕ್ಕೆ ತಕ್ಕ ಉಡುಪು

*ಕಬ್ಬು:* ಗರಿಯ ಅಂಚು ಗರಗಸದಂತೆ ಕೊಯ್ಯುತ್ತದೆ, ಸುಂಕು ಕುತ್ತಿಗೆಗೆ ಇಳಿಯುತ್ತದೆ. ಕಾಲರ್ ಇರುವ ತುಂಬುತೋಳಿನ ಅಂಗಿ ಮತ್ತು ಡ್ರಿಲ್ ಷರಾಯಿ ಬೇಕು. ಮಚ್ಚು ಜಾರಿದರೆ ತಾಗುವುದು ಮುಂಗಾಲಿಗೆ. ಅಲ್ಲಿಗೆ ದಪ್ಪ ಕ್ಯಾನ್ವಾಸಿನ ಎರಡು ಪದರದ ಪಟ್ಟಿ ಕಟ್ಟುವುದು ಒಳ್ಳೆಯದು.

*ಗದ್ದೆ:* ಕೆಸರಿನಲ್ಲಿ ದಪ್ಪ ಷರಾಯಿ ನೆನೆದು ಕಾಲನ್ನು ಎಳೆಯುತ್ತದೆ. ಇಲ್ಲಿ ತೆಳುವಾದ, ಬೇಗ ಒಣಗುವ ಮೊಣಕಾಲುದ್ದದ ಚಡ್ಡಿಯೇ ಸರಿ. ಕಾಲಿನಲ್ಲಿ ಗಾಯವಿದ್ದರೆ ಮಾತ್ರ ಕೆಸರಿಗೆ ಇಳಿಯಬಾರದು. ಇಲಿಜ್ವರದ ರೋಗಾಣು ಗಾಯದ ಮೂಲಕ ಸೇರುತ್ತದೆ.

*ಪಾರ್ಥೇನಿಯಂ ಕೀಳುವುದು:* ಕೆಲವರಿಗೆ ಕುತ್ತಿಗೆ, ಮುಖ, ಮುಂಗೈಗಳಲ್ಲಿ ತೀವ್ರ ತುರಿಕೆ ಏಳುತ್ತದೆ. ತುಂಬುತೋಳು, ಮುಚ್ಚಿದ ಕಾಲರ್ ಮತ್ತು ಕೈಚೀಲ ಬೇಕು. ಆ ಬಟ್ಟೆಯನ್ನು ಮನೆಯೊಳಗೆ ತರದೆ ಹೊರಗೇ ಒಗೆಯಬೇಕು.

*ಹೊಗೆಸೊಪ್ಪು:* ಹುಣಸೂರು, ಪಿರಿಯಾಪಟ್ಟಣದ ಕಡೆ ಮುಂಜಾನೆ ಇಬ್ಬನಿಯಲ್ಲಿ ಎಲೆ ಮುರಿಯುವಾಗ ನೆನೆದ ಎಲೆಯ ನಿಕೋಟಿನ್ ಚರ್ಮದ ಮೂಲಕ ಸೇರಿ ವಾಂತಿ, ತಲೆಸುತ್ತು ಬರುತ್ತದೆ. ಎಲೆ ಒಣಗಿದ ಮೇಲೆ ಮುರಿಯಬೇಕು. ಎದೆ ಮತ್ತು ತೋಳಿಗೆ ಪ್ಲಾಸ್ಟಿಕ್ ಹೊದಿಕೆ ಬೇಕು. ತೊಯ್ದ ಅಂಗಿಯನ್ನು ಕೂಡಲೇ ಬದಲಿಸಬೇಕು.

*ಮಲೆನಾಡಿನ ಕಾಡಂಚು:* ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಸೊಪ್ಪು, ದರಗು ತರಲು ಹೋಗುವವರು ತಿಳಿಬಣ್ಣದ ಬಟ್ಟೆ ತೊಟ್ಟರೆ ಹತ್ತಿದ ಉಣ್ಣೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಷರಾಯಿಯ ಕಾಲನ್ನು ಕಾಲುಚೀಲದ ಒಳಗೆ ಸೇರಿಸಬೇಕು. ಸಿಂಪಡಣೆಯಲ್ಲಿ ಹೊರಗೆ, ಕಾಡಿನಲ್ಲಿ ಒಳಗೆ: ಮೊದಲನೆಯದರಲ್ಲಿ ಮೇಲಿನಿಂದ ಇಳಿಯುವ ದ್ರವವನ್ನು, ಎರಡನೆಯದರಲ್ಲಿ ಕೆಳಗಿನಿಂದ ಏರುವ ಉಣ್ಣೆಯನ್ನು ತಡೆಯುತ್ತೇವೆ.

ಒಗೆತ ಮತ್ತು ಆರೈಕೆ

ಬೆವರಿನ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಅಂದೇ ನೀರಿನಲ್ಲಿ ಜಾಲಿಸಿ ಹರವಬೇಕು. ಮಣ್ಣು ಅಂಟಿದ್ದರೆ ಒಣಗಿಸಿ ಕೊಡವಿ ಆಮೇಲೆ ನೆನೆಸಬೇಕು. ಮರಳಿನ ಕಣ ನೂಲಿನ ನಡುವೆ ಉಳಿದರೆ ಅರದಂತೆ ಕೊರೆಯುತ್ತದೆ. ಬ್ಲೀಚಿಂಗ್ ಪುಡಿ ಹತ್ತಿಯ ಬಲವನ್ನು ಕುಂದಿಸುತ್ತದೆ. ಒಳಮೈ ಹೊರಗೆ ಮಾಡಿ ಒಣಗಿಸಿದರೆ ಬಣ್ಣವೂ ನೂಲೂ ಹೆಚ್ಚು ದಿನ ನಿಲ್ಲುತ್ತವೆ. ತೂತು ಬೆರಳು ತೂರುವಷ್ಟಾಗುವ ಮೊದಲೇ ತೇಪೆ ಹಾಕಬೇಕು.

ಸಿಂಪಡಣೆಯ ಬಟ್ಟೆಯ ಕ್ರಮವೇ ಬೇರೆ. ಅದನ್ನು ಮನೆಯ ಬಟ್ಟೆಗಳೊಂದಿಗೆ, ಮುಖ್ಯವಾಗಿ ಮಕ್ಕಳ ಬಟ್ಟೆಯೊಂದಿಗೆ ಬೆರೆಸಬಾರದು. ಅಂದೇ, ಬೇರೆ ಬಕೆಟ್ಟಿನಲ್ಲಿ, ಕೈಚೀಲ ಹಾಕಿಕೊಂಡು ಮೊದಲು ಬರಿ ನೀರಿನಲ್ಲಿ ಜಾಲಿಸಿ, ಆಮೇಲೆ ಬಿಸಿನೀರು ಮತ್ತು ಹೆಚ್ಚು ಸೋಪಿನಲ್ಲಿ ಎರಡು ಸಲ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಒಗೆದ ನೀರು ಕೆರೆ, ಬಾವಿ, ದನದ ತೊಟ್ಟಿಗೆ ಸೇರಬಾರದು. ನೀರು ಬೆರೆಸದ ಔಷಧಿ ಚೆಲ್ಲಿದ ಬಟ್ಟೆಯನ್ನು ಒಗೆದು ಉಳಿಸುವ ಆಸೆ ಬೇಡ. ಮತ್ತೆ ಯಾರೂ ತೊಡದಂತೆ ಕತ್ತರಿಸಿ ಹೂಳಬೇಕು. ಒಗೆದ ಸಿಂಪಡಣೆಯ ಬಟ್ಟೆಗೆ ಗಟ್ಟಿಯಾಗಿ ಗಂಜಿ ಹಾಕುವುದರಿಂದ ಒಂದು ಲಾಭವಿದೆ. ಔಷಧಿಯ ಸ್ವಲ್ಪ ಪಾಲು ಗಂಜಿಯಲ್ಲಿ ಸಿಕ್ಕಿ, ಮುಂದಿನ ಒಗೆತದಲ್ಲಿ ಗಂಜಿಯೊಂದಿಗೆ ಬಿಟ್ಟು ಹೋಗುತ್ತದೆ. ಆದರೆ ಗಂಜಿಯನ್ನೇ ನಂಬಿ ಪ್ಲಾಸ್ಟಿಕ್ ಮುಂಗವಚ ಬಿಡಬಾರದು.

ಖರ್ಚಿನ ಲೆಕ್ಕ

ಬಟ್ಟೆಯ ಬೆಲೆಯನ್ನು ಕೊಂಡ ದಿನದ ಬೆಲೆಯಿಂದ ಅಳೆಯಬಾರದು, ತೊಟ್ಟ ದಿನಗಳಿಂದ ಭಾಗಿಸಬೇಕು. ಉದಾಹರಣೆಗೆ, 350 ರೂಪಾಯಿಯ ತೆಳು ಷರಾಯಿ 100 ದಿನ ಬಾಳಿದರೆ ದಿನಕ್ಕೆ ಮೂರೂವರೆ ರೂಪಾಯಿ. ಹೊಲಿಗೆ ಸೇರಿ 800 ರೂಪಾಯಿಯ ಡ್ರಿಲ್ ಷರಾಯಿ 400 ದಿನ ಬಾಳಿದರೆ ದಿನಕ್ಕೆ ಎರಡೇ ರೂಪಾಯಿ. ನಿಮ್ಮ ಬಟ್ಟೆಯ ನಿಜವಾದ ಲೆಕ್ಕ ತಿಳಿಯಬೇಕಾದರೆ ಸೊಂಟದ ಪಟ್ಟಿಯ ಒಳಗೆ ಅಳಿಸದ ಶಾಯಿಯಲ್ಲಿ ಕೊಂಡ ತಿಂಗಳು ಮತ್ತು ಬೆಲೆ ಬರೆದಿಡಿ. ಹರಿದ ದಿನ ಲೆಕ್ಕ ತಾನೇ ಸಿಗುತ್ತದೆ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ತೊಡುವುದು ಲೇಸು; ಚೆನ್ನಾಗಿ ಒಣಗಲು ಬಿಡುವು ಸಿಕ್ಕ ಬಟ್ಟೆ ಬೆವರಿಗೆ ಕೊಳೆಯುವುದಿಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

1. ದಿನದ ಕೆಲಸಕ್ಕೆ ಹತ್ತಿ ಅಂಗಿ, 200 ರಿಂದ 280 ಗ್ರಾಂ ತೂಕದ ಡ್ರಿಲ್ ಷರಾಯಿ.

2. ನೆನೆಸಿ ಕುಗ್ಗಿಸಿದ ಮೇಲೆ ಹೊಲಿಗೆ. ಸವೆಯುವ ಜಾಗಕ್ಕೆ ಮೊದಲೇ ತೇಪೆ.

3. ಬೆಂಕಿಯ ಬಳಿ ಶುದ್ಧ ಹತ್ತಿ ಮಾತ್ರ.

4. ಯಂತ್ರದ ಬಳಿ ಜೋಲುವ ತುದಿ ಒಂದೂ ಇರಬಾರದು.

5. ಸಿಂಪಡಣೆಗೆ ಬೇರೆ ಜೊತೆ, ಬೇರೆ ಒಗೆತ.

ಮುಂದಿನ ಸುಗ್ಗಿಗೆ ಮುನ್ನ ಒಕ್ಕಣೆ ಯಂತ್ರಕ್ಕೆ ಎಣ್ಣೆ ಬಿಡಿಸುವಾಗ, ಕುಡುಗೋಲು ಸಾಣೆ ಹಿಡಿಸುವಾಗ, ಕಣಕ್ಕೆ ಬರುವವರ ಬಟ್ಟೆಯನ್ನೂ ಒಮ್ಮೆ ನೋಡಿ. ಯಾರದಾದರೂ ಹೆಗಲಿನಲ್ಲಿ ಟವೆಲ್ಲು ಜೋಲುತ್ತಿದ್ದರೆ ಎಂಜಿನ್ ಶುರು ಮಾಡುವ ಮೊದಲು ಅದನ್ನು ತೆಗೆದು ಗೂಟಕ್ಕೆ ಹಾಕಿಸಿ.